ಗಾಳಿ ಸಾಯುವ ಗೆರೆ

ಸೆಪ್ಟೆಂಬರ್ 29, ಬೆಳಿಗ್ಗೆ

ಹವಾಮಾನದ ಚಾರ್ಟ್ ಮುಗಿಸಿದೆ. ಸಮುದ್ರ ಸುಮ್ಮನಿದೆ. ಮತ್ತೆ ಹಳೆಯ ಕೆಲಸ — ನಲವತ್ತು ವರ್ಷಗಳ ಚಂಡಮಾರುತಗಳು ಎಲ್ಲಿ ಹುಟ್ಟಿದವು, ಎಲ್ಲಿ ಸತ್ತವು. ಹುಟ್ಟಿಗೆ ಕೆಂಪು ಚುಕ್ಕೆ, ಸಾವಿಗೆ ನೀಲಿ. ಕೆಂಪು ಮೆಲ್ಲಗೆ ಉತ್ತರಕ್ಕೆ ಸರಿದಿದೆ. ನೀಲಿ ಅದಕ್ಕಿಂತ ಮುಂದೆ ಹೋಗಿದೆ. ಗಾಳಿ ಇದನ್ನು ದಾಟಲ್ಲ ಅನ್ನುವ ಎಚ್ಚರಿಕೆ ನಕ್ಷೆಯ ಗೆರೆ ಮಾತ್ರ ನಾನು ಕೆಲಸಕ್ಕೆ ಸೇರಿದಾಗ ಎಲ್ಲಿತ್ತೋ ಅಲ್ಲೇ. ಗೆರೆಯಾಚೆ ಬಾವುಟ ಇಲ್ಲ, ಸೈರನ್ ಇಲ್ಲ. ಅಕ್ಕನ ಊರು ಗೆರೆಯಾಚೆ.

ಕಚೇರಿಯ ಸಾಹೇಬರಿಗೆ ತೋರಿಸಿದೆ. "ಲೆಕ್ಕ ಸರಿ ಇದೆ ಕಣಮ್ಮಾ. ಆದ್ರೆ ಗೆರೆ ಸರಿಸಿದ್ರೆ ಇನ್ನಷ್ಟು ಬಂದರುಗಳ ಹೊಣೆ ನನ್ನ ಮೈಮೇಲೆ ಬೀಳುತ್ತೆ. ಎರಡು ವರ್ಷ ನೋಡೋಣ."

ಎರಡು ವರ್ಷ. ಅವರ ನಿವೃತ್ತಿಗೂ ಅಷ್ಟೇ ಬಾಕಿ.

ಅಕ್ಟೋಬರ್ 8

ಹುಟ್ಟಿತು. ಹುಟ್ಟಬಾರದ ಕಡೆ, ತೀರಾ ಉತ್ತರಕ್ಕೆ. ಅಲ್ಲಿನ ನೀರು ಈ ಕಾಲಕ್ಕೆ ತಣ್ಣಗಿರಬೇಕಿತ್ತು, ಬೆಚ್ಚಗಿದೆ. ಸಾಹೇಬರು — "ಗೆರೆ ಮುಟ್ಟೋ ಮೊದಲೇ ಉಸಿರು ಬಿಡುತ್ತೆ, ಬಿಡಮ್ಮ." ಬುಲೆಟಿನ್ ಹಾಗೇ ಹೋಯಿತು. ರಜೆ ಬರೆದುಕೊಟ್ಟೆ. ಅಕ್ಕನ ಊರಿನ ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿವೆ.

ಅಕ್ಟೋಬರ್ 9, ಮಧ್ಯಾಹ್ನ

ಅಕ್ಕನ ಮನೆ. ಕೆಳಗೆ ಭಾವನ ಐಸ್ ಫ್ಯಾಕ್ಟರಿ, ಮೀನಿನ ದೋಣಿಗಳಿಗೆ. ತಂಪು ಮಾಡಲು ಅಮೋನಿಯಾ ಅನ್ನುವ ವಿಷಾನಿಲ — ಟ್ಯಾಂಕು, ಪೈಪು ಎಲ್ಲ ತಗಡಿನ ಸೂರಿನ ಕೆಳಗೆ. ತಗಡಿಗೆ ಬರೀ ಮೊಳೆ. ಈ ಊರಲ್ಲಿ ಯಾರೂ ಬೋಲ್ಟು ಹಾಕಿಲ್ಲ. ಅಂಥ ಗಾಳಿ ಕಂಡವರೇ ಇಲ್ಲ.

ಊಟಕ್ಕೆ ಕೂತಾಗ ಹೇಳಿದೆ. ಭಾವ ನಕ್ಕರು. "ಏನು ಗಾಳಿಯಮ್ಮ, ನಮ್ಮೂರಿನ ದಾರಿ ಅದಕ್ಕೆ ಯಾರು ಹೇಳಿಕೊಟ್ರು? ನೀನೇನಾ?"

"ಭಾವ, ಟ್ಯಾಂಕಿನ ವಾಲ್ವ್ ಮುಚ್ಚಿಸಿ. ಕೆಲಸದವರನ್ನ ನಾಳೆ ಕರೀಬೇಡಿ."

"ಸರ್ಕಾರದ ಬುಲೆಟಿನ್ ಒಂದು ಹೇಳುತ್ತೆ, ನೀನೊಂದು ಹೇಳ್ತೀಯ. ಯಾರ ಮಾತು ಕೇಳಲಿ?"

ಬುಲೆಟಿನ್ ನಮ್ಮ ಕಚೇರಿಯದ್ದೇ. 

ಅಕ್ಕ ತಟ್ಟೆ ಎತ್ತುವಾಗ ಮಣಿಕಟ್ಟು ಕಂಡಿತು. ಕಪ್ಪುಗಟ್ಟಿದೆ. ಕೇಳಿದೆ. "ಹಳೇದು ಬಿಡೇ" ಅಂದಳು. ಹಳೆಯದಲ್ಲ.

ಅಕ್ಟೋಬರ್ 12

ಈಗ ಬರೆಯಲು ಕೈ ಬಂತು. ಶಾಲೆಯ ಕೋಣೆಯಲ್ಲಿದ್ದೇವೆ. ಎಲ್ಲರೂ ಕೆಮ್ಮುತ್ತಿದ್ದಾರೆ.

ಮೊನ್ನೆ ಬೆಳಿಗ್ಗೆ ಆಕಾಶಕ್ಕೆ ತಾಮ್ರದ ಬಣ್ಣ. ಹತ್ತರ ಹೊತ್ತಿಗೆ ಗಾಳಿ ಬಂತು — ಬಂತು ಅಂದರೆ ಸಾಲದು, ಮೇಲೆ ಬಿದ್ದಿತು. ದಡದ ದೋಣಿಗಳು ರಸ್ತೆಗೆ ನುಗ್ಗಿ ಅಂಗಡಿ ಬಾಗಿಲು ಒಡೆದವು. ಎದುರು ಮನೆಯ ನೀರಿನ ಟ್ಯಾಂಕು ಹಾರಿ ಬಂದು ನಮ್ಮ ಗೋಡೆಗೆ ಅಪ್ಪಳಿಸಿತು. ಅಕ್ಕ, ನಾನು ಕೆಳಗಿಳಿದೆವು; ಫ್ಯಾಕ್ಟರಿಯೊಳಗೆ ಕೆಲಸದ ಹೆಂಗಸರು. ಭಾವ ಒಳಗಿನಿಂದ ಗೇಟಿಗೆ ಬೀಗ ಜಡಿದು ಕೀಲಿ ಜೇಬಿಗಿಳಿಸಿದ್ದರು. "ಇವರು ಓಡಿಹೋದ್ರೆ ಐಸ್ ಯಾರು ತುಂಬ್ತಾರೆ? ಸ್ವಲ್ಪ ಹೊತ್ತಲ್ಲಿ ನಿಲ್ಲುತ್ತೆ."

"ರೀ, ಕೀಲಿ ಕೊಡಿ" ಅಂದಳು ಅಕ್ಕ.

ಹೊಡೆದರು. ಮುಷ್ಟಿಯಿಂದ, ಬಾಯಿಗೆ. ಅಕ್ಕ ರಕ್ತ ಉಗಿದು ಇನ್ನೊಮ್ಮೆ ಕೇಳಿದಳು. ಮತ್ತೆ ಕೈ ಎತ್ತಿದರು — ಹಿಂದಿನಿಂದ ಅವರ ಎರಡೂ ತೋಳು ತಬ್ಬಿ ಹಿಡಿದೆ. ಅಕ್ಕ ಐಸ್ ಒಡೆಯುವ ಸಲಾಕೆ ಎತ್ತಿ ಅವರ ಮೊಣಕಾಲಿಗೆ ಬೀಸಿದಳು. ಮೂಳೆ ಮುರಿದ ಸದ್ದು ಆ ಗಾಳಿಯಲ್ಲೂ ಕೇಳಿಸಿತು.

ಕೀಲಿ ಕಿತ್ತುಕೊಂಡು ಗೇಟು ತೆಗೆದೆ. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಓಡಿದರು. ಅಷ್ಟರಲ್ಲಿ ಸೂರು ಕಾಗದದಂತೆ ಹರಿದುಹೋಯಿತು. ಒಂದು ತೊಲೆ ಪೈಪಿನ ಮೇಲೆ ಬಿತ್ತು. ಅಮೋನಿಯಾದ ಬಿಳಿ ಹೊಗೆ. ಕಣ್ಣು ಉರಿ, ಗಂಟಲಲ್ಲಿ ಬೆಂಕಿ. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಇಬ್ಬರೂ ಭಾವನನ್ನು ಎಳೆದೆವು. ಭಾರ. "ಬಿಡಬೇಡ್ರೇ, ಬಿಡಬೇಡ್ರೇ" ಅನ್ನುತ್ತಿದ್ದರು. ಗೇಟು ಇನ್ನೇನು ಸಿಕ್ಕಿತು ಅನ್ನುವಾಗ ಉಸಿರು ಕಟ್ಟಿತು. ಬಿಟ್ಟೆವು. ಮೊದಲು ಬಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಅಕ್ಕನೂ ಹೇಳುತ್ತಿಲ್ಲ.

ಭಾವ ಅಲ್ಲೇ ಹೋದರು. ಹೆಂಗಸರೆಲ್ಲ ಬದುಕಿದ್ದಾರೆ.

ಅಕ್ಟೋಬರ್ 16

ಗಾಳಿ ಇಲ್ಲಿಂದಲೂ ಉತ್ತರಕ್ಕೆ ಹೋಗಿ, ಬೆಟ್ಟ ಹತ್ತಿ ಸತ್ತಿತಂತೆ. ಸಾಹೇಬರ ಫೋನ್. ದನಿ ಇಳಿದಿತ್ತು. "ಗೆರೆ ಸರಿಸ್ತಿದ್ದೀವಿ ಕಣಮ್ಮಾ. ಎಲ್ಲಿಗೆ ಅಂತ ನೀನೇ ಹೇಳು."

ಬಾಯಿಗೆ ಬಂದಂತೆ ಬೈದೆ. ಅವರು ಫೋನ್ ಇಡಲಿಲ್ಲ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದೆ, ಎಲ್ಲಿಗೆ ಅಂತ.

ಅಕ್ಟೋಬರ್ 19

ಇನ್ಸ್‌ಪೆಕ್ಟರ್ ಬಂದಿದ್ದರು. ಭಾವನ ಮೊಣಕಾಲು ಮುರಿದದ್ದು ಹೇಗೆ ಅಂತ ವಿಚಾರಿಸಿದರು. ಕೆಲಸದ ಹೆಂಗಸರಲ್ಲಿ ಹಿರಿಯಳು ಮುಂದೆ ಬಂದು, "ತೊಲೆ ಬಿತ್ತು ಸಾರ್, ನಾವೆಲ್ಲ ಕಣ್ಣಾರೆ ನೋಡಿದ್ವಿ" ಅಂದಳು. ಮಿಕ್ಕವರು ತಲೆಯಾಡಿಸಿದರು. ಇನ್ಸ್‌ಪೆಕ್ಟರ್ ಬರೆದುಕೊಂಡು ಹೊರಟರು.



ಅಕ್ಟೋಬರ್ 20, ಬೆಳಿಗ್ಗೆ

ಅಕ್ಕ ಎದ್ದು ತಲೆ ಬಾಚಿಕೊಂಡಳು. "ಎಲ್ಲಾ ತಪ್ಪನ್ನೂ ಗಾಳಿಯ ತಲೆಗೆ ಕಟ್ಟಿ ನನ್ನ ಕೈಲಿ ಬದುಕೋಕಾಗಲ್ಲ ಕಣೇ. ಹೊಡೆದದ್ದು ನಾನು. ಸ್ಟೇಷನ್ನಿಗೆ ಹೋಗ್ತೀನಿ. ನೀನು ಬರಬೇಡ, ಕೆಲಸ ಹೋಗುತ್ತೆ."

"ತೋಳು ಹಿಡಿದವಳು ನಾನು."

"ಅದನ್ನ ಯಾರೂ ಬಾಯಿಬಿಡಲ್ಲ."

"ನಾನು ಬಿಡ್ತೀನಲ್ಲ."

 ಅಕ್ಕ ನನ್ನ ಚಪ್ಪಲಿ ತಂದು ತನ್ನದರ ಪಕ್ಕ ಇಟ್ಟಳು. ಒಡೆದ ತುಟಿ ಇನ್ನೂ ಊದಿಕೊಂಡೇ ಇದೆ, ಅದರಲ್ಲೇ ನನ್ನನ್ನು ಕರೆಯುತ್ತಿದ್ದಾಳೆ. ಹೊರಟೆ. ಉಳಿದದ್ದು ಬಂದ ಮೇಲೆ, ಬಂದರೆ