ಹಂದರದ ಮೊದಲ ಮದುವೆ

ಬಸವೇಶ್ವರನಗರ, ಬೆಂಗಳೂರು
14 ಡಿಸೆಂಬರ್ 2024

ಪೂಜ್ಯ ಅತ್ತೆಯವರಿಗೆ ನಿಮ್ಮ ಸೊಸೆ ಶಿವರಂಜನಿಯ ಶರಣುಗಳು.

ಇಲ್ಲಿ ನಾನು ಕ್ಷೇಮ. ದಾವಣಗೆರೆಯಲ್ಲಿ ನೀವು, ಗಿರಿರಾಜ ಭಾವ, ಅಕ್ಕ, ಅವರ ಮಗಳು ನಮ್ಮ ವಚನಾ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೇ ಬರೆಯಬೇಕಿದ್ದ ಪತ್ರ, ತಡವಾಯಿತು, ಬೈಯಬೇಡಿ. ಫೋನ್ ಮಾಡಿದರೆ ನಿಮಗೆ ಕೇಳುವುದಿಲ್ಲ. ನಿಮಗೆ ಕೇಳುವ ಹಾಗೆ ಮಾತಾಡಿದರೆ ನಿಮ್ಮ ಬೀದಿಗೆಲ್ಲ ಕೇಳುತ್ತದೆ. ಅದಕ್ಕೇ ಕಾಗದ.

ಛತ್ರ, ಅಡುಗೆ, ಓಲಗ ಎಲ್ಲ ಗೊತ್ತುಮಾಡಿ ಮದುವೆ ಮಾಡಿಸಿಕೊಡುವ ನನ್ನ ಹೊಸ ಕೆಲಸಕ್ಕೆ ‘ಹಂದರ’ ಎಂದು ಹೆಸರಿಟ್ಟೆ. ಇಲ್ಲಿಯವರಿಗೆ ಹಂದರವೆಂದರೆ ಚಪ್ಪರ ಎಂದು ಬಿಡಿಸಿ ಹೇಳಬೇಕು, ಆದರೂ ನಿಮ್ಮ ಬಾಯಿಂದ ಕಲಿತ ಮಾತು, ಬಿಡಲು ಮನಸ್ಸಾಗಲಿಲ್ಲ. ಹೆಸರಿಟ್ಟದ್ದಷ್ಟೇ ಬಂತು. ತಿಂಗಳುಗಟ್ಟಲೆ ಒಬ್ಬರೂ ಸಿಗಲಿಲ್ಲ. ರಾಜಾಜಿನಗರದ ಒಬ್ಬ ಹೆಂಗಸು, “ಇದುವರೆಗೂ ಮಾಡ್ಸಿರೋ ಮದುವೆ ಫೋಟೊ ತೋರ್ಸಿ” ಎಂದರು. ನನ್ನ ಹತ್ತಿರ ಇದ್ದದ್ದು ಎದುರುಮನೆಯ ನಾಮಕರಣದ ಫೋಟೊ. ತೊಟ್ಟಿಲಿಗೆ ಕಟ್ಟಿದ್ದ ಹೂವು ತೋರಿಸಿದೆ. “ಇದು ಆಮೇಲಿನ ಕಾರ್ಯಕ್ರಮ ಅಲ್ವೇನಮ್ಮಾ?” ಎಂದು ನಕ್ಕು ಎದ್ದುಹೋದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವಂತಾಯಿತು ನನ್ನ ಪಾಡು. ಒಂದೂ ಮದುವೆ ಮಾಡಿಸದವಳಿಗೆ ಮದುವೆ ಕೊಡುವವರಾರು?

ಕೊನೆಗೆ ಒಂದು ಉಪಾಯ ಹೊಳೆಯಿತು. ಮದುವೆ ಗೊತ್ತಾದ ಹುಡುಗಿ ಮೊದಲು ಓಡುವುದು ಬ್ಲೌಸ್ ಹೊಲಿಸುವುದಕ್ಕೆ. ಮಾರೇನಹಳ್ಳಿಯ ಟೈಲರ್ ಅಂಗಡಿಯಲ್ಲಿ ನನ್ನ ಕಾರ್ಡುಗಳನ್ನು ಇಟ್ಟುಬಂದೆ. ಅಲ್ಲಿಂದ ಸಿಕ್ಕವಳೇ ಸುಮಾ. ತಂದೆ ಮುನಿರಾಮಯ್ಯ, ಮನೆಯ ಯಜಮಾನಿಕೆಯೆಲ್ಲ ಅಜ್ಜಿ ಚಿಕ್ಕಗಂಗಮ್ಮನವರದು. ಮಾರೇನಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇರುವವರು. ಮಾಘದಲ್ಲಿ ಮುಹೂರ್ತ.

ಅವರಿಗೆ ವಿಜಯನಗರದ ಒಂದು ಛತ್ರವೇ ಬೇಕಿತ್ತು. “ಕೊಡಿಸ್ತೀನಿ ಸಾರ್, ಅಲ್ಲಿ ಮ್ಯಾನೇಜರ್ ನಮ್ಮೋರೇ” ಎಂದುಬಿಟ್ಟೆ. ಸಿಕ್ಕ ಗಿರಾಕಿ ಎಲ್ಲಿ ಕೈತಪ್ಪುತ್ತಾರೋ ಎಂಬ ಭಯಕ್ಕೆ, ವಿಚಾರಿಸುವ ಮೊದಲೇ ಮಾತು ಕೊಟ್ಟೆ. ಮ್ಯಾನೇಜರ್ ಹನುಮೇಶ ನಿಮ್ಮ ಮಗನ ಜೊತೆ ಓದಿದವನಲ್ಲವೇ, ಆ ಧೈರ್ಯ. ಹೋಗಿ ಕೇಳಿದರೆ ಆ ದಿನ ಆಗಲೇ ಬೇರೆಯವರಿಗೆ ಹೋಗಿತ್ತು. ಅಲ್ಲಿಂದ ನೇರ ಕೆಂಗೇರಿಗೆ ಹೋಗಿ, ಅದೇ ದಿನ ಖಾಲಿಯಿದ್ದ ಇನ್ನೊಂದು ಛತ್ರ ನೋಡಿಕೊಂಡು ಬಂದೆ. ಆದರೆ ಅದನ್ನು ಮುನಿರಾಮಯ್ಯನವರಿಗೆ ಯಾವ ಮುಖ ಹೊತ್ತು ಹೇಳಲಿ?

ಧನುರ್ಮಾಸ ಹಿಡಿಯುವ ಮೊದಲೇ ಅರಿಶಿನ ಕುಟ್ಟುವ ಶಾಸ್ತ್ರ ಮುಗಿಯಲಿ ಎಂದು ನಿನ್ನೆ ಶುಕ್ರವಾರ ಇಟ್ಟುಕೊಂಡಿದ್ದರು. ಸುದ್ದಿ ಹೇಳಲು ಅಲ್ಲಿಗೇ ಹೋದೆ. ಒರಳಿನ ಸುತ್ತ ನಾಲ್ವರು ಮುತ್ತೈದೆಯರು ನಿಂತಿದ್ದರು. ಐದನೆಯವರು ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಂತೆ. ಅಜ್ಜಿ ನನ್ನ ಕಾಲುಂಗುರ ನೋಡಿದವರೇ ಒನಕೆ ಚಾಚಿದರು. “ಬಾರವ್ವ, ನೀನೊಂದು ಕೈ ಹಾಕು. ಹೊತ್ತು ಮೀರ್ತಾ ಐತೆ.”

ಒನಕೆ ಹಿಡಿದರೆ ಮದುವೆ ನನ್ನದು. ನಿಜ ಹೇಳಿದರೆ ಹೊರಗಿನ ದಾರಿ. ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು ಅತ್ತೆ. ಆದರೆ ಸುಮಾ ಹಸೆಯ ಮೇಲೆ ಕೂತು ನನ್ನನ್ನೇ ನೋಡಿ ನಗುತ್ತಿದ್ದಳು. ಮುಂದೆ ಆ ಹುಡುಗಿಗೆ ಏನಾದರೂ ಆದರೆ, ಅದು ನನ್ನ ಕೈಯಿಂದಲೇ ಆಯಿತೆಂದು ಬೇರೆ ಯಾರೂ ಬೇಡ, ನಾನೇ ನಂಬಿಬಿಡುತ್ತೇನೆ.

“ಅಜ್ಜಿ, ನಮ್ಮ ಯಜಮಾನ್ರು ತೀರ್ಕೊಂಡು ಎರಡು ವರ್ಷ ಆಯ್ತು. ಕಾಲುಂಗುರ ತೆಗೆಯೋಕೆ ನಮ್ಮತ್ತೆ ಬಿಡ್ಲಿಲ್ಲ” ಎಂದೆ. ಅದೇ ಉಸಿರಿನಲ್ಲಿ, “ಆ ಛತ್ರಾನೂ ಸಿಗ್ಲಿಲ್ಲ, ಕೆಂಗೇರೀಲಿ ಇನ್ನೊಂದು ಖಾಲಿ ಇದೆ” ಎಂದೂ ಹೇಳಿದೆ. ಕೆಡುವುದಾದರೆ ಎಲ್ಲ ಒಟ್ಟಿಗೇ ಕೆಡಲಿ ಎಂದು.

ಅಜ್ಜಿ ಒನಕೆಯನ್ನು ವಾಪಸ್ ತೆಗೆದುಕೊಂಡರು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದೆ.

“ಎಲ್ಗೋಯ್ತೀಯ?” ಎಂದರು ಅಜ್ಜಿ. “ಕುಟ್ಟಕ್ಕೆ ಮುತ್ತೈದೇರೇ ಬೇಕು, ನಿಜ. ಜರಡಿ ಹಿಡಿಯಕ್ಕೆ ಯಾವ ಶಾಸ್ತ್ರಾನೂ ಇಲ್ಲ. ನಾನೇನ್ ಮುತ್ತೈದೆನಾ? ನಿಂತ್ಕೊಂಡು ಮದುವೆ ಮಾಡ್ಸ್ತಾ ಇಲ್ವಾ? ಕೂತ್ಕೊ.”

ಕೂತೆ. ಮುನಿರಾಮಯ್ಯನವರು ಮುಖ ಬಿಗಿದುಕೊಂಡೇ, “ಕೆಂಗೇರೀಗೂ ಮೆಟ್ರೊ ಐತಲ್ಲ, ಬರ್ತಾರೆ ಬಿಡಿ. ಊಟದಲ್ಲಿ ಮಾತ್ರ ನಮ್ಮ ಮರ್ಯಾದೆ ಕಳೀಬೇಡಿ ಮೇಡಂ” ಎಂದರು. ಇವತ್ತಿಗೂ ಕೈಯ ಹಳದಿ ಹೋಗಿಲ್ಲ, ಈ ಕಾಗದಕ್ಕೂ ಹತ್ತಿದೆ ನೋಡಿ.

ಮದುವೆ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಅಡುಗೆಯವರು ಕೈಕೊಟ್ಟರೆ? ಓಲಗದವರು ದಿನ ಮರೆತರೆ? ಬಡಿಸುವಾಗ ಅನ್ನವೇ ಸಾಲದಿದ್ದರೆ? ಹಾಲು ಉಕ್ಕಿದರೂ ಎದೆ ಹಾರುತ್ತದೆ. ನಿಮ್ಮ ಮಗನ ದಿನಕರ್ಮ ಮುಗಿದಾಗ, “ಕಾಲುಂಗ್ರ ತೆಗಿಬ್ಯಾಡ ತಂಗಿ, ನಮ್ಮನ್ಯಾಗೆ ಅಂಥ ಭೇದ ಇಲ್ಲ” ಎಂದಿರಲ್ಲ, ಆ ಮಾತು ನೆನೆದುಕೊಂಡೇ ಪ್ರತಿದಿನ ಮನೆಯಿಂದ ಹೊರಗೆ ಕಾಲಿಡುತ್ತೇನೆ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನನ್ನ ಮೊದಲ ಹಂದರ ಬೀಳದ ಹಾಗೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ ಸೊಸೆ,
ಶಿವರಂಜನಿ

ತಾ.ಕ.: ಮೇಲೆ ಒಂದು ಮಾತು ಬರೆಯಲಿಲ್ಲ. ಆ ಛತ್ರ ಯಾರಿಗೆ ಹೋಗಿದೆ ಎಂದು ಹನುಮೇಶ ಹೇಳಿದ. “ಇದೇನತ್ತಿಗೆ, ನಿಮಗೆ ಗೊತ್ತಿಲ್ವಾ? ಗಿರಿರಾಜಣ್ಣಾನೇ ಬುಕ್ ಮಾಡಿರೋದು, ವಚನಾ ಮದುವೆಗೆ. ಗಂಡಿನ ಕಡೆಯೋರು ಇಲ್ಲಿಯೋರಂತಲ್ಲ. ಡೆಕೊರೇಷನ್ ಮಾಡೋರನ್ನೂ ಕರ್ಕೊಂಡ್ ಬಂದಿದ್ರು. ನೀವೇ ಕಳ್ಸಿದೀರ ಅನ್ಕೊಂಡೆ.” ಗೊತ್ತಿತ್ತು, ಮರೆತಿದ್ದೆ ಎಂದೆ. ನೀವೂ ಬಂದಿದ್ದಿರಂತೆ, ಹಸೆಮಣೆ ಎಲ್ಲಿ ಬರಬೇಕೆಂದು ಕುರ್ಚಿಯಲ್ಲಿ ಕೂತು ತೋರಿಸಿದಿರಂತೆ. ವಿಜಯನಗರದಿಂದ ನಮ್ಮ ಮನೆಗೆ ಆಟೋದಲ್ಲಿ ಎಷ್ಟು ದೂರ ಅತ್ತೆ?

ಸುಮಾಳ ಮುಹೂರ್ತವೂ ಅದೇ ದಿನ. ಬಂದವರಲ್ಲಿ ಯಾರಾದರೂ ಶಿವರಂಜನಿ ಎಲ್ಲಿ ಎಂದು ಕೇಳಿದರೆ, ಅವಳಿಗೆ ಕೆಂಗೇರಿಯಲ್ಲಿ ಕೆಲಸವಿದೆ ಎಂದುಬಿಡಿ. ನೀವು ಸುಳ್ಳು ಹೇಳಬೇಕಾಗಿಲ್ಲ.