ದೂರ ನಿಂತು ನೋಡಿದ ಹೆಜ್ಜೇನು

ಶಹಾಪುರ
೬ ಏಪ್ರಿಲ್, ಶನಿವಾರ

ಮುಜಫರ ಅಣ್ಣಾ,

ನೀವು ಫೋನು ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ವಿಳಾಸ ನಿಮ್ಮ ಅಮ್ಮಿ ಕೊಟ್ಟರು. ಕಡೇಚೂರಿನ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ ಹಿಡಿದಿದ್ದೀರಿ, ಕ್ಯಾಮೆರಾ ಮಾರಿಬಿಟ್ಟಿದ್ದೀರಿ ಅಂತ ಅವರೇ ಹೇಳಿದರು.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು. ಚೆನ್ನಾಗಿಲ್ಲ ಅಂತಲೂ ಬರೆಯಲು ಬರುವುದಿಲ್ಲ. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯುತ್ತೇನೆ. ಪಾಸ್‌ಪೋರ್ಟ್ ಫೋಟೊಕ್ಕೆ ಬಂದವರು "ದೇವಿಂದ್ರಪ್ಪ ಇಲ್ಲೇನ್ರಿ?" ಅಂತ ಕೇಳುತ್ತಾರೆ. "ತೀರಿಕೊಂಡಾರ್ರಿ, ಗದ್ದ ಸ್ವಲ್ಪ ಮ್ಯಾಲ ಮಾಡ್ರಿ" ಅನ್ನುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ನಾನು ಗುಂಡಿ ಒತ್ತುತ್ತೇನೆ. ಎದೆಯಲ್ಲಿ ಏನೂ ಆಗುವುದಿಲ್ಲ.

ಒಂದು ಸುದ್ದಿ ಹೇಳಬೇಕು. ನಾನು ಲೆನ್ಸ್ ತಂದಿದ್ದೇನೆ. ಉದ್ದನೆಯದು, ಸಣ್ಣ ಹುಳವನ್ನು ದೂರದಿಂದಲೇ ದೊಡ್ಡದಾಗಿ ತೋರಿಸುವ ನೂರಾ ಎಂಬತ್ತು ಎಂ.ಎಂ. ಮ್ಯಾಕ್ರೋ. ನೀವು ನಮ್ಮವರಿಗೆ ಹೇಳಿ ಹೇಳಿ ಸೋತಿದ್ದಿರಲ್ಲ, ಅದೇ. ಹುಳದ ಕಣ್ಣು ಫೋಟೊ ತುಂಬಾ ಕಾಣಬೇಕಂದರೆ ಮೂಗು ತಾಗಿಸಲೇಬೇಕು ಅಂತ ಅವರು ವಾದ ಮಾಡುತ್ತಿದ್ದರು. ಅವತ್ತೂ ಆ ಗಿಡ್ಡ ಲೆನ್ಸನ್ನೇ ಹಿಡಿದು ಗುಡ್ಡ ಹತ್ತಿದರು.

ಕಲಬುರಗಿಯ ಅಂಗಡಿಯವರು ಏನು ತೆಗೀತೀರಿ ಅಂತ ಕೇಳಿದರು. ಹುಳ ಅಂದೆ. ಮೂರು ಲೆನ್ಸು ಮುಂದಿಟ್ಟು, ಗಲ್ಲಾದ ಮೇಲೆ ಒಂದು ಕಡ್ಡಿಪೆಟ್ಟಿಗೆ ತೆರೆದಿಟ್ಟರು. ಗಿಡ್ಡದರಲ್ಲಿ ನೋಡಿದೆ. ಎಷ್ಟು ಹತ್ತಿರ ಹೋಗಬೇಕಾಯಿತೆಂದರೆ ನನ್ನದೇ ನೆರಳು ಪೆಟ್ಟಿಗೆಯ ಮೇಲೆ ಬಿತ್ತು. ನೂರರದ್ದು ಪರವಾಗಿರಲಿಲ್ಲ. ಉದ್ದನೆಯದಕ್ಕೆ ಹಿಂದೆ ಹಿಂದೆ ಸರಿದೆ. ಕಡ್ಡಿಯ ಮದ್ದಿನ ಗುಂಡು ಅಷ್ಟೇ ದೊಡ್ಡದಾಗಿ ಕಂಡಿತು, ನಡುವೆ ಜಾಗ ಮಾತ್ರ ಬೇಕಾದಷ್ಟಿತ್ತು. "ಇದು ಭಾಳ ಭಾರ ಆಗ್ತದ್ರಿ, ಹೆಣ್ಮಕ್ಕಳಿಗೆ ನೂರರದ್ದೇ ಸಾಕು" ಅಂದರು. ಇದೇ ಕಟ್ಟಿರಿ ಅಂದೆ.

ಭಾರವೇನೋ ನಿಜ. ಟ್ರೈಪಾಡ್ ಇಲ್ಲದೆ ಆಗುವುದಿಲ್ಲ. ಮೊದಲು ಅಡುಗೆಮನೆಯಲ್ಲೇ ಸಕ್ಕರೆ ಚೆಲ್ಲಿ ಇರುವೆಯ ಫೋಟೊ ಹಿಡಿದೆ. ಫ್ಯಾನು ಆರಿಸಬೇಕು, ಇಲ್ಲದಿದ್ದರೆ ಎಲ್ಲ ನಡುಗುತ್ತದೆ. ಬೆರಳು ತಾಗಿದರೂ ನಡುಗುತ್ತದೆ ಅಂತ ಗೊತ್ತಾಗಿ ಟೈಮರ್ ಹಚ್ಚಿದೆ. ಮೀಸೆ ಸ್ಪಷ್ಟವಾದರೆ ಹೊಟ್ಟೆ ಮಸುಕು. ಲೆನ್ಸಿನ ಫೋಕಸ್ ಉಂಗುರ ತಿರುವುವುದಕ್ಕಿಂತ ಇಡೀ ಕ್ಯಾಮೆರಾವನ್ನೇ ಕೂದಲೆಳೆ ಹಿಂದೆ ಮುಂದೆ ಸರಿಸುವುದು ಸಲೀಸು ಅಂತ ನಾನೇ ಕಂಡುಕೊಂಡೆ. ನಿಮಗೆ ಇದೆಲ್ಲ ಗೊತ್ತಿದ್ದದ್ದೇ.

ಆಮೇಲೆ ಅಮರಪ್ಪ ಕಾಕಾ ಬಂದರು. ನಮ್ಮ ಓಣಿಯ ಹಿರಿಯರು, ನಿಮಗೆ ಗೊತ್ತು. ನಮ್ಮವರ ಮೇಲೆ ಎದ್ದ ಆ ಹೆಜ್ಜೇನಿನ ಗೂಡು ಗುಡ್ಡದ ಬಂಡೆಯ ಕೆಳಗೆ ಇನ್ನೂ ಅಲ್ಲೇ ಇದೆ. ಅದನ್ನು ಸುಡಬೇಕೆಂದು ನಾಲ್ಕು ಮಂದಿ ತಯಾರಾಗಿದ್ದರು. "ನೀ ಒಂದ್ ಹೂಂ ಅನ್ನವ್ವ, ಇವತ್ತೇ ಬೆಂಕಿ ಹಚ್ಚತೀವಿ" ಅಂದರು. ಹೂಂ ಅನ್ನಲು ಬಾಯಿ ತೆಗೆದೆ. ಯಾಕೋ, "ಮೊದಲ ನಾ ನೋಡ್ತೀನಿ ಕಾಕಾ" ಅಂದುಬಿಟ್ಟೆ.

ಅವರೂ ಜೊತೆಗೆ ಬಂದರು. ದಾರಿಗೆ ಈಚೆ, ಬೇವಿನ ಗಿಡದ ಹಿಂದೆ ದೂರ ನಿಂತೆವು. ಟ್ರೈಪಾಡ್ ಊರಿ ಲೆನ್ಸು ತಿರುಗಿಸಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅಳು ಬಂದರೆ ಕಾಕಾನ ಮುಂದೆ ಹೇಗೆ ಅಂತ ಸೆರಗು ಕೈಯಲ್ಲಿ ಹಿಡಿದಿದ್ದೆ. ಎರಡೂ ಬರಲಿಲ್ಲ. ಒಂದರ ಮೇಲೊಂದು ಒತ್ತಿಕೊಂಡು ಕೂತ ಹುಳಗಳು ಕಂಡವು, ಅಷ್ಟೇ. ಅಷ್ಟರಲ್ಲಿ ಮೇಲೆ ಒಂದು ಹದ್ದು ಹಾದುಹೋಯಿತು. ಗೂಡಿನ ಈ ತುದಿಯಿಂದ ಆ ತುದಿಗೆ ಹುಳಗಳೆಲ್ಲ ಒಂದರ ಹಿಂದೊಂದು ಹಿಂಭಾಗ ಎತ್ತಿ ಇಳಿಸಿದವು, ನೀರಿನ ಮೇಲೆ ಅಲೆ ಹೋದ ಹಾಗೆ. ಕಣ್ಣು ಮಿಟುಕಿಸುವುದರೊಳಗೆ ಇಡೀ ಗೂಡಿಗೆ ಸುದ್ದಿ ಮುಟ್ಟಿತ್ತು.

ಅದು ಹದ್ದಿನ ನೆರಳಿಗೇ ಹಾಗೆ. ನಮ್ಮವರು ಗೇಣುದೂರದಲ್ಲಿ ನಿಂತಿದ್ದರು.

ಮುಜಫರ ಅಣ್ಣಾ, ಅದನ್ನು ನೋಡಿದ ಮೇಲೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಅವತ್ತು ಹುಳ ಎದ್ದಾಗ ನೀವೂ ಇವರ ಜೊತೆ ಅಲ್ಲೇ ನಿಂತಿದ್ದರೆ ಆಸ್ಪತ್ರೆಯ ವರಾಂಡದಲ್ಲಿ ಎರಡು ಸ್ಟ್ರೆಚರ್ ಇರುತ್ತಿದ್ದವು. ನೀವು ಕೆಳಗೆ ಓಡಿದ್ದರಿಂದಲೇ ಮಂದಿ ಕಂಬಳಿ ತಗೊಂಡು ಬಂದರು, ಇವರನ್ನು ಜೀವ ಇರುವಾಗಲೇ ಕೆಳಗೆ ತಂದರು, ಕಡೆಗೆ ಒಂದು ಸಲ ಅವರು ನನ್ನ ಕೈ ಹಿಡಿದರು. ಗೆಳೆಯನನ್ನು ಬಿಟ್ಟು ಓಡಿದ ಅಂತ ಮಂದಿ ಅಂದರು. ನೀವೂ ವರಾಂಡದಲ್ಲಿ ಕೂತು "ನಾ ಅಲ್ಲೇ ನಿಂದರಬೇಕಿತ್ತು ತಂಗಿ" ಅಂದಿರಿ. ನಾನು ಉತ್ತರ ಕೊಡಲಿಲ್ಲ. ಅವತ್ತು ಯಾರಿಗೂ ಕೊಡಲಿಲ್ಲ, ನೀರು ಬೇಕೇನು ಅಂತ ಕೇಳಿದ ನರ್ಸಿಗೂ ಕೊಡಲಿಲ್ಲ. ಮಾತು ಬರಲಿಲ್ಲ, ಅಷ್ಟೇ. ಅದನ್ನೇ ಸಿಟ್ಟು ಅಂತ ತಿಳಿದು ನೀವು ಊರು ಬಿಟ್ಟಿರಿ ಅನ್ನಿಸುತ್ತದೆ.

ಕಾಕಾನಿಗೆ ಬೆಂಕಿ ಬೇಡ ಅಂದೆ. "ನಿನ್ನ ಗಂಡನ್ನ ಕೊಂದಾವಲ್ಲವ್ವ!" ಅಂತ ಅವರ ದನಿ ಏರಿತು. "ಅವೇನು ನಮ್ಮ ಮನಿಗಿ ಬಂದಿದ್ದಿಲ್ಲ ಕಾಕಾ, ಇವರೇ ಅವುಗಳ ಮನಿಗಿ ಹೋಗಿದ್ರು" ಅಂದೆ. ಅವರು ಟ್ರೈಪಾಡನ್ನು ತಾವೇ ಹೊತ್ತು ಇಳಿದರು. ಈಗ ದಾರಿಗೆ ಅಡ್ಡ ಹಗ್ಗ ಕಟ್ಟಿ, ಹುಡುಗರು ಹೋಗದ ಹಾಗೆ ಬೋರ್ಡು ಹಾಕಿದ್ದಾರೆ. ಮಳೆ ಬಿದ್ದರೆ ಹುಳ ತಾವೇ ಎದ್ದು ಹೋಗುತ್ತವಂತೆ.

ಇದರ ಜೊತೆಗೆ ಒಂದು ಫೋಟೊ ಇಟ್ಟಿದ್ದೇನೆ. ಕಾಲುವೆ ದಂಡೆಯ ಹಸಿ ಮಣ್ಣಿನಲ್ಲಿ ನೀರು ಕುಡಿಯಲು ಬಂದ ಒಂಟಿ ಹೆಜ್ಜೇನು. ನಾನು ದೂರ ಕೂತಿದ್ದರಿಂದ ಅದು ಏಳಲಿಲ್ಲ. ಕಣ್ಣಿನ ಮೇಲಿನ ಕೂದಲೂ ಕಾಣುತ್ತವೆ ನೋಡಿ. ಆದರೆ ಹಿಂಗಾಲು ಮಸುಕಾಗಿದೆ. ಹಿಂದಿನದೂ ಸ್ಪಷ್ಟ ಬರಲಿ ಅಂತ ಅಪರ್ಚರ್ ಹದಿನಾರಕ್ಕೆ ಇಟ್ಟಿದ್ದೆ. ಅಡ್ಡಕ್ಕೆ, ಹುಳದ ಪಕ್ಕದಿಂದ ತೆಗೆಯಬೇಕಿತ್ತೋ, ಇನ್ನೂ ಹಿಂದೆ ಸರಿಯಬೇಕಿತ್ತೋ, ನನಗೆ ತಿಳಿಯಲಿಲ್ಲ. ಇದನ್ನು ಕೇಳಲು ಶಹಾಪುರದಲ್ಲಿ ನನಗೆ ಬೇರೆ ಯಾರೂ ಇಲ್ಲ. ಬರೆದು ತಿಳಿಸಿದರೂ ಆಗುತ್ತದೆ. ರಜೆ ಇದ್ದ ದಿನ ಯಾದಗಿರಿಗೆ ಬಂದು ನಮ್ಮೂರ ಬಸ್ಸು ಹತ್ತಿದರೆ ಇನ್ನೂ ಚೆನ್ನ. ಸ್ಟುಡಿಯೋದಲ್ಲಿ ನಿಮ್ಮ ಕುರ್ಚಿಯ ಮೇಲೆ ನಾನು ಏನೂ ಇಟ್ಟಿಲ್ಲ.

ನಿಮ್ಮ ತಂಗಿ,
ರಾಧಿಕಾ

ಮರೆತಿದ್ದು: ಗುಡ್ಡದ ಮೇಲೆ ಸಿಟ್ಟೂ ಅಳುವೂ ಬರಲಿಲ್ಲ ಅಂತ ಬರೆದೆ. ಅದು ನಿಜ. ಆದರೆ ಮನೆಗೆ ಬಂದ ಮೇಲೆ ವಿಪರೀತ ಹಸಿವಾಯಿತು. ಅವರು ಹೋದಾಗಿನಿಂದ ಹಾಗೆ ಆಗಿರಲಿಲ್ಲ. ಒಲೆಯ ಮುಂದೆಯೇ ಕೂತು ಬಿಸಿ ರೊಟ್ಟಿಗೆ ಪುಂಡಿಪಲ್ಯ ಹಾಕಿಕೊಂಡು ತಿಂದೆ, ಮತ್ತೆ ರೊಟ್ಟಿ ಬಡಿದು ತಿಂದೆ. ತಿನ್ನುತ್ತಾ ತಿನ್ನುತ್ತಾ ಅಳು ಬಂತು, ತಿನ್ನುವುದನ್ನು ಮಾತ್ರ ಬಿಡಲಿಲ್ಲ. ಯಾರಿಗೂ ಹೇಳಿಲ್ಲ ಅಣ್ಣಾ. ನೀವೂ ಹೊಟ್ಟೆ ತುಂಬಾ ಉಣ್ಣಿರಿ.