ಇಳಿಯದ ಎಡಗೈ

ಶುಕ್ರವಾರ, ಮಧ್ಯಾಹ್ನ
ಅಡುಗೆಮನೆಯಿಂದ

ಮನೆ ಬಿಟ್ಟು ಹೋದರೂ ಮನೆಯೊಳಗೇ ಇರುವ ನಿಮಗೆ,

ನಮಸ್ಕಾರ. ಸಿಟ್ಟಿನಲ್ಲಿ ಬರೆದ ಕಾಗದ ಅಂದುಕೊಳ್ಳಬೇಡಿ. ಸಿಟ್ಟು ಇದೆ, ಅದು ಬೇರೆ ವಿಷಯ.

ನಿನ್ನೆ ನಾನು ಕೆಲಸದಲ್ಲಿದ್ದಾಗ ನಿಮ್ಮ ಕೋಚ್ ಲಾಂಡ್ರಿಗೆ ಫೋನ್ ಮಾಡಿದ್ದರು. ಇಸ್ತ್ರಿ ಯಂತ್ರದ ಗದ್ದಲದಲ್ಲಿ ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: ಮಂಗಳವಾರದಿಂದ ನಿಮ್ಮ ಎಡಗೈ ಕೆಳಗೆ ಇಳಿಯುತ್ತಿಲ್ಲವಂತೆ. ಮುಷ್ಟಿ ಕಟ್ಟಿ ಕೆನ್ನೆಯ ಪಕ್ಕಕ್ಕೆ ಏರಿದ್ದು ಅಲ್ಲೇ ನಿಂತುಬಿಟ್ಟಿದೆಯಂತೆ, ಊಟಕ್ಕೆ ಕೂತಾಗಲೂ, ಮಲಗಿದಾಗಲೂ. ಇಬ್ಬರು ಹಿಡಿದು ಎಳೆದರೂ ಜಗ್ಗಲಿಲ್ಲವಂತೆ. ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆ, ನರ ಎಲ್ಲ ಸರಿಯಾಗಿದೆ ಅಂದರಂತೆ. ನಿಮಗೆ ಅಂಗಿ ತೊಡಿಸಲು ತೋಳಿನ ಹೊಲಿಗೆ ಬಿಚ್ಚಬೇಕಾಯಿತಂತೆ. ಮನೇಲಿದ್ದಾಗ ಯಾವತ್ತಾದ್ರೂ ಹೀಗಾಗಿತ್ತಾ ಅಂತ ಕೋಚ್ ಕೇಳಿದರು. ಇಲ್ಲ, ಇಲ್ಲಿದ್ದಾಗ ಅವರ ಎಡಗೈ ಇಳಿಯೋದೇ ನಮಗೆ ತಲೆನೋವಾಗಿತ್ತು ಅಂದೆ. ಅವರಿಗೆ ನಗು ಬರಲಿಲ್ಲ.

ನಿಮ್ಮ ಆ ಚಟ ನಮ್ಮಿಬ್ಬರಿಗೂ ಗೊತ್ತು. ಇಷ್ಟು ವರ್ಷ ಬಾಕ್ಸಿಂಗ್‌ನಲ್ಲೇ ಅನ್ನ ದುಡಿದರೂ ಅದೊಂದು ಹೋಗಲಿಲ್ಲ. ಎಡಗೈಯಲ್ಲಿ ಹೊಡೆದು ಹಿಂದಕ್ಕೆ ತರುವಾಗ ಅದನ್ನು ಕೆನ್ನೆಗೆ ತರದೆ ಎದೆಯ ಮಟ್ಟಕ್ಕೆ ಇಳಿಸುತ್ತೀರಿ. ಆ ಸಂದಿಯಲ್ಲೇ ಎದುರಿನವನ ಬಲಗೈ ನುಗ್ಗುವುದು. ನಿಮ್ಮ ಎಡಗಣ್ಣಿಗೆ ಪೆಟ್ಟಾದದ್ದೂ ಅದರಿಂದಲೇ. ಅಲ್ಲಿಗೆ ಇನ್ನೊಂದು ಏಟು ಬಿದ್ದರೆ ಕಣ್ಣು ಉಳಿಯುವುದಿಲ್ಲ ಅಂತ ಕಣ್ಣಿನ ಡಾಕ್ಟರು ನನ್ನ ಎದುರಿಗೇ ಹೇಳಿದರು. ನಾನು ನಿಮ್ಮ ಗ್ಲೌಸ್ ಬಚ್ಚಿಟ್ಟೆ. ಈ ಮನೇಲಿ ಎಲ್ರೂ ನನ್ನ ಕಣ್ಣನ್ನ ನೋಡ್ತಾರೆ, ನನ್ನನ್ನ ಯಾರೂ ನೋಡಲ್ಲ ಅಂತ ನೀವು ಬ್ಯಾಗು ಎತ್ತಿಕೊಂಡು ಕೋಚ್ ಇರುವ ಊರಿಗೆ ಹೊರಟಿರಿ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಮತ್ತೆ ರಿಂಗಿಗೆ ಇಳಿಯುತ್ತೀರಂತೆ. ಅದು ಬೇಡ ಅನ್ನುವುದಕ್ಕೇ ಈ ಕಾಗದ. ಮಿಕ್ಕದ್ದೆಲ್ಲ ಸುತ್ತುಬಳಸಿನ ಮಾತು, ಆದರೂ ಓದಿ.

ನೀವು ಹೋದ ಮೇಲೆ ನಾನು ಹಾಸಿಗೆ ಹಿಡಿದೆ. ಕಾಯಿಲೆಯೇನಿಲ್ಲ, ಏಳಲು ಮನಸ್ಸಿರಲಿಲ್ಲ ಅಷ್ಟೇ. ಲಾಂಡ್ರಿಯ ಮೇಲ್ವಿಚಾರಕಿ ಒಂದೆರಡು ಸಲ ಗದರಿ ನೋಡಿದಳು, ಆಮೇಲೆ ನನ್ನ ಯಂತ್ರದ ಮುಂದೆ ಬೇರೆಯವಳನ್ನು ನಿಲ್ಲಿಸಿದಳು. ಅತ್ತೆ ಅಡುಗೆ ಮಾಡಿ ತಟ್ಟೆಯನ್ನು ನನ್ನ ದಿಂಬಿನ ಪಕ್ಕ ಕುಕ್ಕಿ ಹೋಗುತ್ತಿದ್ದರು. ಮಗ ಹೋದ ದುಃಖಕ್ಕಿಂತ ಸೊಸೆ ಮಲಗಿದ್ದಾಳೆಂಬ ಸಿಟ್ಟೇ ಅವರಿಗೆ ಜಾಸ್ತಿ. ಒಂದು ಬೆಳಿಗ್ಗೆ ಮಂಚದ ಕೆಳಗೆ ನಿಮ್ಮ ಹಳೇ ಶೂ ಕಂಡವು. ಹೊಸ ಹುಡುಗರಿಗೆ ನೀವು ಹೇಳುತ್ತಿದ್ದದ್ದು ನೆನಪಾಯಿತು: ಮನಸ್ಸು ಬರ್ಲಿ ಅಂತ ಕಾಯೋದು ಶೋಕಿಗೆ ಆಡೋರ ಕೆಲಸ, ಇದರಲ್ಲೇ ಹೊಟ್ಟೆ ಹೊರೆಯೋರು ಮೊದ್ಲು ಶೂ ಹಾಕ್ಕೋತಾರೆ, ಮನಸ್ಸು ಹಿಂದಿಂದ ಬರುತ್ತೆ ಅಂತ. ಕೇಳಿ ಕೇಳಿ ನನ್ನ ಕಿವಿ ತೂತಾಗಿದ್ದ ಮಾತು ಅದು. ಅವತ್ತು ಮಾತ್ರ ನನಗೇ ಹೇಳಿದ ಹಾಗಿತ್ತು. ಶೂ ತುದಿಗೆ ಬಟ್ಟೆ ತುರುಕಿ ಹಾಕಿಕೊಂಡೆ. ಮನಸ್ಸು ಬರಲಿಲ್ಲ, ಆದರೆ ಶೂ ಹಾಕಿಕೊಂಡು ಮಲಗಿರಲು ನಾಚಿಕೆಯಾಯಿತು.

ಹಾಗೆ ನಿಮ್ಮ ಅಭ್ಯಾಸದ ಕೋಣೆಗೆ ಹೋದೆ. ಗೊತ್ತಲ್ಲ, ಅದಕ್ಕೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆಯೇ. ಬಾಗಿಲ ಬದಿಯ ಆ ಒಂದು ಬಲ್ಬು ಹಾಕಿ, ಗೋಡೆಯ ಕಡೆ ಮುಖ ಮಾಡಿ, ನೀವು ಮಾಡುತ್ತಿದ್ದಂತೆ ನನ್ನ ನೆರಳಿನೊಂದಿಗೆ ಗುದ್ದಾಡಲು ನಿಂತೆ. ಮೊದಮೊದಲು ನೋಡಿದ್ದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಕಾಲಿಗೆ ಕಾಲು ತೊಡರಿ ಬಿದ್ದೆ. ಬಿದ್ದವಳು ತಟ್ಟನೆ ಏಳಲು ಹೋಗಿ ಮತ್ತೆ ಬಿದ್ದೆ. ಆಗ ನಿಮ್ಮ ಇನ್ನೊಂದು ಪಾಠ ಅರ್ಥವಾಯಿತು. ಬಿದ್ದಾಗ ಅವಮಾನಕ್ಕೆ ಹೆದರಿ ಎದ್ದುಬಿಡಬಾರದು, ರೆಫರಿ ಎಂಟು ಎಣಿಸುವವರೆಗೂ ಮೊಣಕಾಲೂರಿ ಕೂತು ಉಸಿರು ತುಂಬಿಕೊಳ್ಳಬೇಕು, ಆ ಎಣಿಕೆ ನಮಗಾಗಿ ಇರುವ ಬಿಡುವು ಅನ್ನುತ್ತಿದ್ದಿರಿ. ನೀವು ಹೋದದ್ದೂ ಒಂದು ಏಟು. ನಾನು ಮೊಣಕಾಲೂರಿ ಕೂತೆ, ಉಸಿರಾಡಿದೆ, ಎದ್ದೆ. ಮಾರನೆಯ ವಾರ ಲಾಂಡ್ರಿಗೆ ಹೋಗಿ ನನ್ನ ಯಂತ್ರ ವಾಪಸ್ ಕೇಳಿದೆ. ಕೊಟ್ಟರು. ಹೋಟೆಲುಗಳ ಹೊದಿಕೆ, ಆಸ್ಪತ್ರೆಯ ಹೊದಿಕೆ, ಎಲ್ಲ ಈಗ ಸುಕ್ಕಿಲ್ಲದೆ ನನ್ನ ಕೈಯಿಂದ ಹೊರಗೆ ಬರುತ್ತವೆ. ಜ್ವರ ಬಂದರೂ, ಸಿಟ್ಟು ಬಂದರೂ, ಅಳು ಬಂದರೂ ಬೆಳಗಿನ ಅಭ್ಯಾಸ ತಪ್ಪಿಸಿಲ್ಲ. ಇದಕ್ಕೆಲ್ಲ ನಿಮಗೆ ಋಣಿ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಿರಲಿಲ್ಲ, ಆದರೆ ನಿಜ.

ಇನ್ನು ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನಗೆ ಸ್ವಲ್ಪ ಕೈ ಕುದುರಿದ ಮೇಲೆ ಗೋಡೆಯ ಮೇಲಿನ ನೆರಳು ಯಾಕೋ ಒಂದು ಗಳಿಗೆ ತಡವಾಗಿ ಅಲುಗುತ್ತದೆ ಅನ್ನಿಸಿತು. ಬಲ್ಬಿನ ದೋಷ ಅಂದುಕೊಂಡು ಹೊಸದು ಹಾಕಿದೆ. ಆಗ ಇನ್ನೂ ಚೆನ್ನಾಗಿ ಕಂಡಿತು. ನಾನು ಎಡಗೈಯನ್ನು ಹೊಡೆದು ಕೆನ್ನೆಗೆ ತಂದೆ. ನೆರಳು ಹೊಡೆದು ಎದೆಗೆ ಇಳಿಸಿತು. ಮತ್ತೆ ಮಾಡಿದೆ, ಮತ್ತೆ ಹಾಗೇ. ಅದರ ಭುಜ ನನ್ನ ಭುಜಕ್ಕಿಂತ ಅಗಲವಾಗಿತ್ತು. ನನಗಿರುವ ಜಡೆ ಅದಕ್ಕಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದೆ. ಆಮೇಲೆ, ನಾಚಿಕೆ ಬಿಟ್ಟು ಬರೆಯುತ್ತೇನೆ, ಸಂತೋಷವಾಯಿತು. ಹತ್ತಿರ ಹೋಗಿ ಗೋಡೆ ಮುಟ್ಟಿದೆ. ಸುತ್ತಲೂ ತಣ್ಣಗಿದ್ದ ಗೋಡೆ ಅಲ್ಲಿ ಮಾತ್ರ ಬೆಚ್ಚಗಿತ್ತು.

ಒಂದು ದಿನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಿರುಚುತ್ತಾರೆ, ಅಕ್ಕಪಕ್ಕದವರು ಓಡಿ ಬರುತ್ತಾರೆ ಅಂದುಕೊಂಡೆ. ಅವರು ಗೋಡೆಯನ್ನು ಒಂದಷ್ಟು ಹೊತ್ತು ದಿಟ್ಟಿಸಿ, ಸೊರಗಿದಾನೆ, ಸರಿಯಾಗಿ ಊಟ ಮಾಡ್ತಿಲ್ಲ ಅಂದರು. ಆಮೇಲೆ ನನ್ನ ಕಡೆ ತಿರುಗಿ, ನೀನಾದ್ರೂ ಸ್ವಲ್ಪ ಹೇಳು, ನನ್ನ ಮಾತು ಅವನು ಯಾವತ್ತು ಕೇಳಿದಾನೆ ಅಂದರು. ಅವತ್ತಿನಿಂದ ಬೆಳಗಿನ ಕಾಫಿಯ ಲೋಟ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂರುತ್ತಾರೆ. ಬೆನ್ನು ನೆಟ್ಟಗಿಟ್ಕೋ ಅಂತ ಗೋಡೆಗೆ ಹೇಳುತ್ತಾರೆ. ನೆರಳು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ನನ್ನ ಬೆನ್ನು ನಾನು ಅಲುಗಿಸಿರುವುದಿಲ್ಲ.

ನಾನೂ ಹೇಳತೊಡಗಿದೆ. ಎಡಗೈ ಮೇಲೆ, ಎಡಗೈ ಮೇಲೆ ಅಂತ ಎಷ್ಟು ಸಲ ಹೇಳಿದೆನೋ. ಎದುರಿಗಿದ್ದಾಗ ಹೇಳಿದ್ದರೆ ನನಗೇ ಬಾಕ್ಸಿಂಗ್ ಕಲಿಸ್ತೀಯಾ ಅಂತ ರೇಗುತ್ತಿದ್ದಿರಿ. ನೆರಳು ರೇಗುವುದಿಲ್ಲ, ಕೇಳುವುದೂ ಇಲ್ಲ. ನಾಲ್ಕು ಸಲ ಎತ್ತಿ ಐದನೆಯ ಸಲ ಇಳಿಸುತ್ತದೆ. ಪ್ರತಿ ಸಲ ಇಳಿದಾಗಲೂ ತೆರೆದ ಆ ಸಂದಿಯಲ್ಲಿ ನಿಮ್ಮ ಕಣ್ಣು ನನಗೆ ಕಾಣುತ್ತದೆ. ನಿಮ್ಮಂಥ ಶಿಸ್ತಿನ ಮನುಷ್ಯನನ್ನು ನಾನು ನೋಡಿಲ್ಲ. ಬೆಳಗಾಗುವ ಮೊದಲೇ ಏಳುತ್ತೀರಿ, ಹಸಿವು ತಡೆಯುತ್ತೀರಿ, ನೋವು ನುಂಗುತ್ತೀರಿ. ನಿಲ್ಲಿಸುವ ಶಿಸ್ತು ಒಂದನ್ನು ಬಿಟ್ಟು ಎಲ್ಲವೂ ಇದೆ. ಕುರುಡನಾದರೂ ಪರವಾಗಿಲ್ಲ, ಸೋತವನು ಅನ್ನಿಸಿಕೊಳ್ಳಲ್ಲ ಅನ್ನುವುದು ಛಲವಲ್ಲ, ಹಟಮಾರಿತನ.

ಮಂಗಳವಾರದಿಂದ ಆ ಕೋಣೆಗೆ ಚಿಲಕ ಹಾಕಿದ್ದೇನೆ. ಅಭ್ಯಾಸವನ್ನು ನಡುಮನೆಯಲ್ಲೇ ಮಾಡುತ್ತಿದ್ದೇನೆ, ವಿಶೇಷವೇನಿಲ್ಲ. ಒಳಗೆ ಏನೋ ಸದ್ದಾಗುತ್ತಲ್ಲ ಅಂತ ಅತ್ತೆ ಕೇಳಿದರು. ಇಲಿ ಇರಬೇಕು ಅಂದೆ. ಅವರು ನನ್ನ ಮುಖ ನೋಡಿ, ಆಮೇಲೆ ಚಿಲಕದ ಕಡೆ ನೋಡಿದರು.

ಪಂದ್ಯ ಬೇಡ ಅಂತ ನೀವೇ ಕೋಚ್‌ಗೆ ಒಂದು ಮಾತು ಹೇಳಿಬಿಡಿ. ನಿಮ್ಮ ಬಾಯಿಂದಲೇ ಅದು ಬಂದರೆ ನನಗೆ ಸಮಾಧಾನ. ಬರದಿದ್ದರೂ ಚಿಂತೆಯಿಲ್ಲ. ನಿಮ್ಮ ಕಣ್ಣು ನನಗೆ ಬೇಕು. ನನ್ನ ಮುಖಕ್ಕೆ ಸುಕ್ಕು ಬಿದ್ದ ಮೇಲೂ ಅದನ್ನು ಎರಡೂ ಕಣ್ಣಿಂದ ನೋಡಿ ನೀವು ಗೇಲಿ ಮಾಡಬೇಕು. ನೀವು ನನ್ನನ್ನು ಕ್ಷಮಿಸದಿದ್ದರೂ ಸರಿ, ವಾಪಸ್ ಬರದಿದ್ದರೂ ಸರಿ.

ಎರಡನೆಯದು ಸುಳ್ಳು. ಬನ್ನಿ.

ಇಂತಿ,
ಈಗ ನಿಮಗಿಂತ ಮೊದಲೇ ಏಳುವ
ನಿಮ್ಮ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಿರಲಿಲ್ಲ. ಮಂಗಳವಾರ ನೆರಳು ಮತ್ತೆ ಎಡಗೈ ಇಳಿಸಿತು. ನನಗೆ ತಡೆಯಲಾಗಲಿಲ್ಲ. ಎತ್ತು, ನಾನು ಹೇಳೋವರೆಗೂ ಇಳಿಸ್ಬೇಡ ಅಂದೆ. ನನ್ನ ಎರಡೂ ಕೈ ಕೆಳಗೆ ಜೋತುಬಿದ್ದಿದ್ದವು. ಗೋಡೆಯ ಮೇಲೆ ಅದರ ಎಡಗೈ ಮೆಲ್ಲಗೆ ಏರಿ ಕೆನ್ನೆಗೆ ಅಂಟಿತು. ಇಳಿಸು ಅಂತ ಹೇಳದೆ ದೀಪ ಆರಿಸಿ, ಹೊರಗಿನಿಂದ ಚಿಲಕ ಹಾಕಿ ಬಂದೆ. ನಿನ್ನೆ ಕೋಚ್ ಹೇಳಿದ ಮೇಲೆ ಎಲ್ಲ ತಿಳಿಯಿತು, ಆದರೂ ಚಿಲಕ ತೆಗೆದಿಲ್ಲ. ಕೈ ಇಳಿಯದವನನ್ನು ಯಾರೂ ರಿಂಗಿಗೆ ಬಿಡುವುದಿಲ್ಲ. ಪಂದ್ಯದ ದಿನ ಕಳೆದ ಮೇಲೆ ದೀಪ ಹಾಕಿ, ಇಳಿಸಿ ಅನ್ನುತ್ತೇನೆ. ಅಲ್ಲಿಯವರೆಗೆ ನೋವು ತಡೆದುಕೊಳ್ಳಿ. ಈ ಕಾಗದ ಬರೆಯುವಾಗಲೂ ಒಳಗಿನಿಂದ ಬಾಗಿಲು ತಟ್ಟುತ್ತಿದ್ದೀರಿ, ಬಲಗೈಯಲ್ಲಿ. ತಟ್ಟಬೇಡಿ. ಅತ್ತೆಯದು ಹೆತ್ತ ಕರುಳು, ತೆಗೆದುಬಿಟ್ಟಾರು. ನಾನು ತೆಗೆಯುವುದಿಲ್ಲ. ನನ್ನನ್ನು ಪಳಗಿಸಿದವರು ನೀವು.